ಕುದಿಸಿದ ನಳಿಕೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಪ್ರಯೋಗಾಲಯದ ವಿಜ್ಞಾನಿ ಠಾಣೆಗೆ ಬಂದು ದೂರು ಕೊಟ್ಟರು. ಕಾವಲುಗಾರನ ಕೊಲೆ ಪ್ರಕರಣದಲ್ಲಿ ಸತ್ತವನ ಉಗುರಿನಡಿ ಸಿಕ್ಕ ರಕ್ತದಿಂದ ತೆಗೆದ ಡಿಎನ್ಎ ಇದ್ದ ನಳಿಕೆಯ ಸೀಲು ಯಾರೋ ಒಡೆದಿದ್ದರು. ಎಫ್ಐಆರ್ ದಾಖಲಿಸಿ, ಇನ್ಸ್‌ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಜೊತೆ ಹೊರಟರು. ಮೂರು ತಿಂಗಳಿಂದ ಅದೇ ಪ್ರಕರಣ. ಅವರಿಗೆ ಕೋಪವೂ ಬರಲಿಲ್ಲ.

ಪಂಚನಾಮೆ 11.40ಕ್ಕೆ ಶುರುವಾಯಿತು. ನಳಿಕೆಯ ಚೀಟಿ ಹಬೆಗೆ ಸುರುಟಿಕೊಂಡಿತ್ತು. ಚಹಾ ಕಾಯಿಸುವ ಕೆಟಲಿನ ತಳದಲ್ಲಿ ಸೀಲಿನ ಕೆಂಪು ಅರಗಿನ ಚೂರು ಸಿಕ್ಕಿತು. ನಳಿಕೆ ಇಟ್ಟಿದ್ದ ಫ್ರೀಜರಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ವಿಜ್ಞಾನಿ ಮೂರು ದಿನ ಊರಲ್ಲಿರಲಿಲ್ಲ. ಇನ್ನೊಬ್ಬಳು ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದ ಅಟೆಂಡರ್. ಅದೇ ಕೊಲೆಗೆ ಜೈಲಿನಲ್ಲಿದ್ದ ಆರೋಪಿಯ ಅಕ್ಕ. ಆ ಸಂಬಂಧ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೀವೇ ಕುದಿಸಿದ್ದಾ?" ಇನ್ಸ್‌ಪೆಕ್ಟರ್ ಆಕೆಯನ್ನು ಕೇಳಿದರು.

"ಹೂಂ ಸಾರ್."

"ಯಾಕೆ?"

"ಬಿಸಿ ಮಾಡಿದ್ರೆ ಡಿಎನ್ಎದ ಎರಡೂ ಎಳೆ ಬಿಟ್ಕೊಳ್ತವೆ ಅಂತ ಈ ಮೇಡಂ ಹೊಸಬರಿಗೆ ಪಾಠ ಹೇಳ್ತಿದ್ರು. ಬಿಟ್ಕೊಂಡ್ರೆ ತಮ್ಮ ಬಚಾವಾಗ್ತಾನೆ ಅಂದ್ಕೊಂಡೆ."

ವಿಜ್ಞಾನಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ಬಿಟ್ಕೊಳ್ಳೋದು ಎರಡು ಎಳೆ ನಡುವಿನ ಹೈಡ್ರೋಜನ್ ಬಂಧ ಮಾತ್ರ. ಅದು ಮೊದಲೇ ಸಡಿಲ. ಎಳೆಯ ಉದ್ದಕ್ಕೂ ಇರೋ ಬಂಧ ಗಟ್ಟಿ, ಇಷ್ಟು ಕುದಿಗೆಲ್ಲ ಜಗ್ಗಲ್ಲ. ಅದರಲ್ಲಿ ಬರೆದಿರೋ ಗುರುತೂ ಅಳಿಯಲ್ಲ. ಪರೀಕ್ಷೆಗೆ ನಾವೇ ಕಾಯಿಸ್ತೀವಲ್ಲ, ನೋಡಿಲ್ವಾ?"

"ನೋಡಿದೀನಿ," ಎಂದಳು ಆಕೆ. "ಯಾಕೆ ಅಂತ ಗೊತ್ತಿರ್ಲಿಲ್ಲ."

2.15ಕ್ಕೆ ಬಂಧನ. ನಳಿಕೆಯನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದರು.

ಒಂಬತ್ತನೆಯ ದಿನ ವರದಿ ಬಂತು. ಉಗುರಿನಡಿಯ ರಕ್ತ ಅವಳ ತಮ್ಮನದಲ್ಲ. ಕಾವಲುಗಾರನ ಜೊತೆ ಕೆಲಸಕ್ಕಿದ್ದವರಿಂದಲೂ ಮೊದಲೇ ಮಾದರಿ ತೆಗೆದಿದ್ದರು; ಹೊಂದಿದ್ದು ಡ್ರೈವರನದು. ಅಂದೇ ಸಂಜೆ ಅವನನ್ನು ಹಿಡಿದರು. ಒಪ್ಪಿಕೊಂಡ.

ಮುಂದಿನ ವಾರ ಇನ್ಸ್‌ಪೆಕ್ಟರ್ ತಾವೇ ಜೈಲಿಗೆ ಹೋಗಿ ಆಕೆಗೆ ಹೇಳಿದರು. ಅಳುತ್ತಾಳೆ ಎಂದುಕೊಂಡಿದ್ದರು. ಆಕೆ ಗೋಡೆ ನೋಡುತ್ತ ಕೂತಳು.

"ಕೊಲೆಯಾದ ದಿನ ತಮ್ಮನ ಕುತ್ತಿಗೆ ಮೇಲೆ ಗೀರು ಇತ್ತು ಸಾರ್. ಬೆಕ್ಕು ಪರಚಿತು ಅಂದ. 'ನಾನಲ್ಲ ಅಕ್ಕಾ' ಅಂತ ಮೂರು ಸಲ ಹೇಳಿದ." ಆಮೇಲೆ ಕೇಳಿದಳು: "ನಾನು ಇಲ್ಲಿರೋದು ಯಾಕೆ ಅಂತ ಅವನಿಗೆ ಗೊತ್ತಾ?"

"ಗೊತ್ತು."

"ನೋಡೋಕೆ ಬರ್ತಾನಂತಾ?"

ತಮ್ಮ ಬಿಡುಗಡೆಯಾಗಿ ಎರಡು ದಿನವಾಗಿತ್ತು. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಎದ್ದರು.

ಠಾಣೆಗೆ ಮರಳಿ ದೋಷಾರೋಪ ಪಟ್ಟಿ ಮುಗಿಸಿದರು. ಕೃತ್ಯದ ಉದ್ದೇಶ: ತಮ್ಮನನ್ನು ಉಳಿಸುವುದು. ಆಕೆ ಅವನ ಮಾತನ್ನು ನಂಬಿರಲಿಲ್ಲ ಎಂದೂ ಬರೆಯಬೇಕೇ ಎಂದು ಯೋಚಿಸಿದರು. ಕಾನೂನಿಗೆ ಅದು ಬೇಕಿರಲಿಲ್ಲ. ಸಹಿ ಹಾಕಿದರು.