ನಾಲ್ಕನೇ ಹಾಡಿನ ಎರಡನೇ ಸಾಲು

"ಮೇಡಂ, ಇವನನ್ನ ಬೇರೆ ಎಲ್ಲಾದ್ರೂ ನಿಲ್ಲಿಸ್ತೀರಾ? ನನ್ನ ಕಣ್ಣಿಗೆ ಬೀಳದ ಹಾಗೆ."

ರೆಕಾರ್ಡಿಂಗ್ ಸ್ಟುಡಿಯೋದ ಗಾಜಿನ ಪುಟ್ಟ ಕೋಣೆಯೊಳಗಿಂದ ಗುಬ್ಬಿ ಹೇಳಿದ್ದು ಎಲ್ಲರ ಹೆಡ್‌ಫೋನಿನಲ್ಲೂ ಕೇಳಿಸಿತು. ಗಾಜಿನ ಎದುರಿಗೆ ಬೇಸ್ ಗಿಟಾರ್ ಹಿಡಿದು ನಿಂತಿದ್ದವನು ಮೌನಿಯೊಬ್ಬನೇ. ಅವನ ಕಿವಿ ಬಿಸಿಯಾಯಿತು.

ನಾಲ್ಕು ವರ್ಷದಿಂದ ಒಂದೇ ಬ್ಯಾಂಡಿನಲ್ಲಿದ್ದಾರೆ. ಅವಳು ಹಾಡುತ್ತಾಳೆ, ಅವಳ ಅಣ್ಣ ಡ್ರಮ್ಸ್ ಬಾರಿಸುತ್ತಾನೆ, ಇವನು ಬೇಸ್ ನುಡಿಸುತ್ತಾನೆ, ಹಾಡೂ ಬರೆಯುತ್ತಾನೆ. ಸದಾ ಚಿಲಿಪಿಲಿ ಎನ್ನುವ ಅವಳಿಗೆ ಗುಬ್ಬಿ ಅಂತಲೂ, ಅಳೆದು ತೂಗಿ ಮಾತಾಡುವ ಇವನಿಗೆ ಮೌನಿ ಅಂತಲೂ ಹೆಸರಿಟ್ಟವನು ಆ ಅಣ್ಣನೇ.

ಸ್ಟುಡಿಯೋ ಸಿಕ್ಕಿದ್ದು ಇದೊಂದೇ ದಿನಕ್ಕೆ. ಬೆಳಗ್ಗೆ ಮೂರು ಹಾಡು ನೀರು ಕುಡಿದಷ್ಟು ಸಲೀಸಾಗಿ ಮುಗಿದಿದ್ದವು. ನಾಲ್ಕನೆಯದರ ಎರಡನೇ ಸಾಲಿಗೆ ಬಂದಾಗಲೆಲ್ಲ ಗುಬ್ಬಿ ಎಡವುತ್ತಿದ್ದಳು. ಒಂದಲ್ಲ, ಎರಡಲ್ಲ, ಆರು ಸಲ.

'ಹೀಗೆ ನೋಡಬೇಡ, ದಾರಿ ಮರೆತುಹೋಗುತ್ತೆ.'

ಅಷ್ಟೇ ಸಾಲು. ಬರೆದವನು ಮೌನಿ.

ಬಿಳಿಕೂದಲಿನ ಸೌಂಡ್ ಇಂಜಿನಿಯರ್ ಮೇಡಂ ಎದ್ದು ಬಂದು, ಅವನ ಕೇಬಲ್ಲನ್ನು ಎಳೆದು, ಅವನನ್ನು ಡ್ರಮ್ಸ್ ಪಕ್ಕದ ಚೌಕಟ್ಟಿನ ಬಟ್ಟೆ ಪರದೆಯ ಹಿಂದೆ ನಿಲ್ಲಿಸಿದರು. ಅಲ್ಲಿಂದ ಅವಳು ಕಾಣುತ್ತಿರಲಿಲ್ಲ. ಆದರೆ ಸಾಲು ಶುರುವಾಗುವ ಮೊದಲು ಅವಳು ಎಳೆದುಕೊಳ್ಳುವ ಸಣ್ಣ ಉಸಿರು ಹೆಡ್‌ಫೋನಿನಲ್ಲಿ ಅವನ ಕಿವಿಗೇ ಬಂದು ತಾಗುತ್ತಿತ್ತು. ಇಷ್ಟು ಹತ್ತಿರ ಅವಳು ಯಾವತ್ತೂ ಬಂದಿರಲಿಲ್ಲ. ಬೇಡ ಅಂದ ದಿನವೇ ಬರಬೇಕೇ?

ಈ ಸಲ ಅವಳು ಎಲ್ಲೂ ತಪ್ಪಲಿಲ್ಲ.

"ತಪ್ಪಿಲ್ಲ," ಅಂದರು ಮೇಡಂ. "ಜೀವಾನೂ ಇಲ್ಲ. ಊಟ ಮಾಡ್ಕೊಂಡು ಬನ್ನಿ."

ಹಿಂಬದಿಯ ಮೆಟ್ಟಿಲ ಮೇಲೆ ಮೌನಿ ಊಟದ ಡಬ್ಬಿ ತೆರೆಯದೆ ಕೂತಿದ್ದ. ಗುಬ್ಬಿ ಎರಡು ಮೆಟ್ಟಿಲು ಮೇಲೆ ಬಂದು ಕೂತಳು.

"ಇವತ್ತು ಮುಗಿಸಿ ನಾನು ಬ್ಯಾಂಡ್ ಬಿಡ್ತೀನಿ," ಅಂದ ಅವನು, ತಿರುಗದೆ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ಯಾಕೆ?"

"ನನ್ನ ಮುಖ ನೋಡಿದ್ರೇ ಆಗಲ್ಲ ಅಂದ್ಮೇಲೆ, ಯಾಕೆ ಅಂತ ಬೇರೆ ಕೇಳ್ತೀಯಲ್ಲ."

ಅವಳು ಒಂದು ಮೆಟ್ಟಿಲು ಕೆಳಗೆ ಸರಿದಳು.

"ಆಗಲ್ಲ ನಿಜ. ನೀನು ನೋಡಿದ್ರೆ ನಂಗೆ ಶ್ರುತಿ ಕೈಕೊಡುತ್ತೆ. ಹೀಗೆ ನೋಡಬೇಡ ಅಂತ ಬರೆದೋನೇ ಎದುರಿಗೆ ನಿಂತ್ಕೊಂಡು ಹಾಗೇ ನೋಡ್ತಿದ್ರೆ, ನಾನು ಹೇಗಪ್ಪಾ ಹಾಡ್ಲಿ? ಮಂಕುದಿಣ್ಣೆ!"

ಮೌನಿ ಈಗ ತಿರುಗಿದ. ಅವಳ ಕೆನ್ನೆ ಕೆಂಪಾಗಿತ್ತು. ಬೈಗುಳಕ್ಕೂ ಆ ಬಣ್ಣಕ್ಕೂ ಎಲ್ಲೂ ತಾಳಮೇಳವಿರಲಿಲ್ಲ.

"ಅದು ನಿಂಗೇ ಬರೆದಿದ್ದು," ಅಂದ. ದನಿ ಒಡೆಯಿತು. ಆದರೂ ಬಿಡಲಿಲ್ಲ. "ಅದೊಂದೇ ಅಲ್ಲ. ನಮ್ಮ ಹನ್ನೊಂದು ಹಾಡೂ ನಿಂಗೇ."

"ಸುಳ್ಳು! ಲಾರಿ ಡ್ರೈವರ್ ಹಾಡು?"

"ಕೊನೇಲಿ ಅವನು ಮನೆಗೆ ಬರ್ತಾನಲ್ಲ... ಬಾಗಿಲು ತೆಗೆಯೋದು ನೀನು."

ಗುಬ್ಬಿ ನಗಲು ಹೋದಳು. ಕಣ್ಣು ತುಂಬಿ ಬಂತು. ಇನ್ನೊಂದು ಮೆಟ್ಟಿಲು ಇಳಿದು, ಅವನ ಪಕ್ಕದಲ್ಲೇ ಕೂತು, ಭುಜಕ್ಕೆ ಭುಜ ತಾಗಿಸಿದಳು. "ನಾಲ್ಕು ವರ್ಷ ನೀನು ಬರೆದದ್ದನ್ನೆಲ್ಲ ನಾನು ಊರಿಗೆಲ್ಲ ಕೇಳಿಸಿದೆ. ನಂಗೇ ಒಂದು ಮಾತು ಹೇಳೋಕೆ ಇಷ್ಟು ಹೊತ್ತಾ? ಬ್ಯಾಂಡ್ ಬಿಡ್ತಾನಂತೆ, ಬ್ಯಾಂಡು! ಹೆಂಗೆ ಬಿಡ್ತೀಯ ನಾನೂ ನೋಡ್ತೀನಿ."

ಒಳಗೆ ಬಂದವಳೇ ಆ ಪರದೆಯನ್ನು ತಾನೇ ಎಳೆದು ಗೋಡೆಗೆ ಒರಗಿಸಿದಳು. "ಮೇಡಂ, ಇವನು ಮೊದಲಿನ ಜಾಗದಲ್ಲೇ ಇರ್ಲಿ."

"ಮತ್ತೆ ತಪ್ಪಿದ್ರೆ?"

"ತಪ್ಪಿದ್ರೆ ಇನ್ನೊಂದು ಸಲ ಹಾಡ್ತೀನಿ."

ಅಣ್ಣ ಕೋಲು ತಟ್ಟಿ ಎಣಿಸಿದ. ಎರಡನೇ ಸಾಲು ಬಂತು. ಗುಬ್ಬಿ ಕಣ್ಣು ಮುಚ್ಚಲಿಲ್ಲ. ನೇರವಾಗಿ ಅವನನ್ನೇ ನೋಡುತ್ತ ಹಾಡಿದಳು. 'ದಾರಿ' ಎನ್ನುವಲ್ಲಿ ದನಿ ಕೊಂಚ ನಡುಗಿತು. ಬಿದ್ದೇ ಹೋಯಿತು ಎನ್ನುವಷ್ಟರಲ್ಲಿ ಸಾವರಿಸಿಕೊಂಡು ಮೇಲೆದ್ದಿತು. ಮೌನಿಯ ಬೆರಳುಗಳು ಆ ನಡುಕದ ಕೆಳಗೆ ಮೆತ್ತಗೆ ಸ್ವರ ಹಾಸುತ್ತ ಹೋದವು.

ಕೊನೆಯ ತಂತಿ ಸುಮ್ಮನಾಗುವವರೆಗೆ ಯಾರೂ ಅಲುಗಾಡಲಿಲ್ಲ.

"ಇದನ್ನ ಮುಟ್ಟೋದೇ ಬೇಡ. ಹೀಗೇ ಇರ್ಲಿ," ಅಂದರು ಮೇಡಂ.

ಅಣ್ಣ ಡ್ರಮ್ಸ್ ಹಿಂದಿನಿಂದ ಎದ್ದು, ಕೋಲು ಹಿಡಿದೇ ಬಂದ. ಮೌನಿ ಎರಡು ಹೆಜ್ಜೆ ಹಿಂದೆ ಸರಿದ.

"ಹೆದರಬೇಡ ಮಾರಾಯ. ಒಂದೇ ಪ್ರಶ್ನೆ. ಭಾವ ಅಂತ ಈಗ್ಲೇ ಕರೀಲಾ, ಇಲ್ಲ ಐದನೇ ಹಾಡು ಮುಗಿಸ್ಕೊಂಡು ಕರೀಲಾ?"

ಮೇಡಂ ನಕ್ಕ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಗುಬ್ಬಿ ಗಾಜಿನ ಬಾಗಿಲು ತೆರೆದು ಬಂದು, ಮೌನಿಯ ಹೆಗಲ ಮೇಲೆ ತಿರುಚಿಕೊಂಡಿದ್ದ ಗಿಟಾರಿನ ಪಟ್ಟಿಯನ್ನು ಎಲ್ಲರೆದುರೇ ನಿಧಾನವಾಗಿ ಸರಿಮಾಡಿದಳು. ಸರಿಯಾದ ಮೇಲೂ ಕೈ ತೆಗೆಯಲಿಲ್ಲ.

"ಈಗ್ಲೇ ಕರಿ," ಅಂದಳು.