ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಏನ್ರಪ್ಪಾ, ಹೋದ ಸಲದ ವಾಯ್ಸ್ ಮೆಸೇಜ್ ಕೇಳಿ ಯಾರೋ ಬರೆದಿದ್ದಾರೆ: "ತಾತನಿಗೆ ಅರಳು ಮರಳು. ನಮ್ಮ ನಗರದ ಫ್ಯಾಷನ್ ವೀಕ್ ಶುರುವಾಗಿದ್ದು ದೊಡ್ಡ ಹೋಟೆಲಿನಲ್ಲಿ."

ಅರಳು ಮರಳು ನಿಮಗೆ. ಶುರುವಾದದ್ದು ಮುಚ್ಚಿಹೋದ ಬಸ್ ಡಿಪೋದಲ್ಲಿ. ನೆಲದ ಎಣ್ಣೆ ಜಿಡ್ಡು ಹೋಗಲೆಂದು ಮೂರು ದಿನ ಮರದ ಹೊಟ್ಟು ಹರಡಿಟ್ಟಿದ್ದೆವು. ಕುರ್ಚಿಗಳನ್ನು ನಾಲ್ಕು ಕಡೆ ಬೇಡಿ ತಂದದ್ದು. ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರಿಗೆ ಕುಂಟು ಕುರ್ಚಿಯೇ ಬಂತು; ಯಾರೆಂದು ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಇದನ್ನು ಕೇಳುತ್ತಾರೆ. ಪರದೆ ಎಳೆಯುತ್ತಿದ್ದವನು ನಾನು. ಮುಂದೆ ಏನಾಯಿತೆಂದು ಪತ್ರಿಕೆಯವರನ್ನು ಕೇಳಿ, ಹಿಂದೆ ಏನಾಯಿತೆಂದು ನನ್ನನ್ನು ಕೇಳಿ.

ಇದು ನಾಲ್ಕನೆಯ ವರ್ಷದ ಮಾತು.

ಷೋ ಶುರುವಾಗುವ ಮುನ್ನ, ಪರದೆಯ ಹಿಂದೆ, ಗೌನಿನ ಬೆನ್ನಿಗೆ ಕತ್ತರಿ ಇಟ್ಟವನ ಮಣಿಕಟ್ಟನ್ನು ಹೊಲಿಗೆಯ ಹುಡುಗಿ ಗಟ್ಟಿಯಾಗಿ ಹಿಡಿದುಕೊಂಡಳು.

"ಕೈ ಬಿಡಿ," ಎಂದ ಅವನು.

"ಮೊದ್ಲು ನೀವು ಕತ್ತರಿ ತೆಗೀರಿ. ಹನ್ನೊಂದು ದಿನ ಕೈಯಲ್ಲೇ ಹೊಲಿದಿದೀನಿ ಇದನ್ನ."

"ಗೊತ್ತು. ಟೈಮಿಲ್ಲ."

"ಯಾರ್ರೀ ನೀವು?"

"ಮಹಡಿ ಮೇಲೆ... ಕಟಿಂಗು."

ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಕೆಲಸಕ್ಕೂ ಒಪ್ಪುವ ಹೆಸರು, ನಾಲಿಗೆಗೂ ಒಪ್ಪುವ ಹೆಸರು. ಷೋದ ಉಡುಪುಗಳನ್ನು ಮಾಡಿಸುತ್ತಿದ್ದ ಡಿಸೈನರ್ ಮೇಡಂ ಅವರ ಹೊಲಿಗೆ ಮನೆಗೆ ಬಂದು ನಲವತ್ತು ದಿನವಾಗಿತ್ತು. ಈ ಗೌನು ಕೈಗೆ ಬರುವವರೆಗೆ ಬರೀ ಲಂಗಗಳ ಅಂಚು ಮಡಚಿದ್ದಳು. ಇಡಿಯಾಗಿ ಹೊಲಿದ ಮೊದಲ ಉಡುಪು ಇದೇ, ಷೋನ ಕೊನೆಯ ಗೌನು. ಇದು ಗೆದ್ದರೆ, ಒಳ್ಳೆಯ ಹೊಲಿಗೆಯವರಿಗಷ್ಟೇ ಸಿಗುವ ಕಿಟಕಿ ಪಕ್ಕದ ಕುರ್ಚಿ ಅವಳಿಗೆ ಖಾಯಂ.

ಆ ಮನೆಯ ಪದ್ಧತಿಯೇ ಹಾಗೆ. ಕತ್ತರಿಸುವವರು ಮೇಲೆ, ಹೊಲಿಯುವವರು ಕೆಳಗೆ. ಬಟ್ಟೆ ಬುಟ್ಟಿಯಲ್ಲಿ ಇಳಿದು ಬರುತ್ತಿತ್ತು. ಕಟಿಂಗ್ ಮಾಸ್ಟರನ ಸೀಮೆಸುಣ್ಣದ ಗೆರೆಯನ್ನು ಅವಳು ದಿನಾ ನೋಡಿದ್ದಳು, ಮುಖವನ್ನು ಅಂದೇ ನೋಡಿದ್ದು.

ಆ ದಿನ ಬೆಳಗ್ಗೆ ಗೌನು ತೊಡಬೇಕಾದ ಮಾಡೆಲ್ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಿದ್ದಳು. ಬದಲಿಗೆ ಬಂದವಳ ಬೆನ್ನು ಅಗಲ. ಗೌನು ನಾಲ್ಕು ಬೆರಳಷ್ಟು ಸಾಲದು! ಮಾಸ್ಟರು ಬೆನ್ನಿನ ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿದ. ಹೊಲಿಗೆಯ ಅಂಚನ್ನು ಬೆರಳಿನಿಂದ ಅಳೆದ. ಅವಳ ಬೆರಳುಗಳನ್ನು ನೋಡಿದ. ಆಮೇಲೆ, ಅವಳು ಹಿಡಿದ ಕೈಯನ್ನು ಬಿಡಿಸಿಕೊಂಡು, ಕತ್ತಿನಿಂದ ಸೊಂಟದವರೆಗೆ ಸರ್ರನೆ ಕತ್ತರಿಸಿಬಿಟ್ಟ.

ಕತ್ತರಿಸಿದ ಎರಡು ಅಂಚುಗಳನ್ನು ಅವಳು ಮತ್ತೆ ಜೋಡಿಸಿ ಹಿಡಿದಳು.

"ಅಳೋದು ಆಮೇಲೆ," ಎಂದ ಅವನು. "ಎರಡೂ ಕಡೆ ಕುಣಿಕೆ ಹೊಲೀರಿ. ಒಂದೊಂದು ಕಡೆಗೆ ಹತ್ತು."

ಅವಳು ಹೊಲಿದಳು. ಸಿಟ್ಟಿನಲ್ಲೇ ಹೊಲಿದಳು. ಅವನು ಗೌನಿನ ಒಳಪದರಕ್ಕೆ ತಂದ ಬಟ್ಟೆಯ ತುಂಡಿನಿಂದ ಪಟ್ಟಿ ಮಾಡಿ ಷೂ ಲೇಸಿನಂತೆ ಕುಣಿಕೆಗಳಲ್ಲಿ ಹೆಣೆದ. ನಾನು ಪರದೆ ಎಳೆದೆ. ಮಾಡೆಲ್ ಬೆನ್ನು ತಿರುಗಿಸಿದ್ದೇ ತಡ, ಇಡೀ ಡಿಪೋ ಎದ್ದು ನಿಂತಿತು.

ಸೂಜಿಗೆ ಅದೊಂದೂ ಬೇಕಿರಲಿಲ್ಲ.

"ಚಪ್ಪಾಳೆ ಬಿತ್ತು ಅಂತ ಬೀಗಬೇಡಿ," ಎಂದಳು. "ಕಟುಕರಿಗೂ ನಿಮಗಿಂತ ಕರುಣೆ ಇರುತ್ತೆ."

"ಊಟ ಮಾಡಿದ್ರಾ?" ಎಂದು ಕೇಳಿದ ಅವನು.

ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

ಮರುದಿನ ಮೇಡಂ ಅವನೊಬ್ಬನನ್ನೇ ಒಳಗೆ ಕರೆದರು. ಅಳತೆಯಲ್ಲಿ ತಪ್ಪಿದನಂತೆ, ಊರಾಚೆಯ ಶಾಲಾ ಯೂನಿಫಾರ್ಮ್ ಘಟಕಕ್ಕೆ ಹಾಕಿದರಂತೆ ಎಂದು ಸುದ್ದಿ ಬಂತು. ಸೂಜಿಗೆ ಕಿಟಕಿ ಪಕ್ಕದ ಕುರ್ಚಿ ಸಿಕ್ಕಿತು.

'ತಕ್ಕ ಶಾಸ್ತಿ' ಎಂದುಕೊಂಡಳು. ಆದರೆ ಬುಟ್ಟಿ ಇಳಿದು ಬಂದಾಗಲೆಲ್ಲ ಮನಸ್ಸು ಸಪ್ಪಗಾಗುತ್ತಿತ್ತು. ಹೊಸ ಮಾಸ್ಟರನ ಗೆರೆ ದಪ್ಪ, ಒರಟು. ಮೊದಲಿನವನು ಬಟ್ಟೆ ತಿರುಗುವ ಕಡೆಯಲ್ಲೆಲ್ಲ ಸಣ್ಣ ಚುಕ್ಕಿ ಇಡುತ್ತಿದ್ದ, ಇಲ್ಲಿ ನಿಧಾನ ಎನ್ನುವ ಹಾಗೆ. ಅದು ಪದ್ಧತಿ ಎಂದುಕೊಂಡಿದ್ದಳು. ಪಕ್ಕದವಳ ಬಟ್ಟೆಯಲ್ಲಿ ಅಂಥ ಚುಕ್ಕಿ ಯಾವತ್ತೂ ಇರಲಿಲ್ಲವಂತೆ.

'ಹಾಗಾದರೆ... ನನಗೊಬ್ಬಳಿಗೇನಾ?'

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವಳು ಹೊಸ ಉಡುಪೊಂದರ ಒಳಗೆ ಹೊಲಿಗೆಯಾಚೆ ಉಳಿದ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಿದ್ದಾಗ ಇಸ್ತ್ರಿ ಅಕ್ಕ ಓಡಿಬಂದಳು.

"ಏಯ್, ಏನೇ ಮಾಡ್ತಿದೀಯ?"

"ಒಳಗಡೆ ಚೊಕ್ಕ ಮಾಡ್ತಿದೀನಿ ಅಕ್ಕ. ಒಳಗೆ ಒಪ್ಪವಾಗಿದ್ರೇನೇ ಹೊರಗೂ ಒಪ್ಪ ಅಂತ ನಮ್ಮ ಚಿಕ್ಕಮ್ಮ ಹೇಳಿಕೊಟ್ಟಿದ್ದು."

"ನಿಮ್ಮ ಚಿಕ್ಕಮ್ಮ ಮನೆಯೋರಿಗೆ ಹೊಲೀತಿದ್ರು. ಇದು ಷೋ ಬಟ್ಟೆ ಕಣೇ! ಹಾಕ್ಕೊಳ್ಳೋಳು ಕೊನೇ ಗಳಿಗೇಲಿ ಬದಲಾದ್ರೆ ಬಿಚ್ಚಿ ಅಗಲ ಮಾಡೋಕೆ ಅಂತ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿರ್ತಾರೆ." ಅಕ್ಕ ತಟ್ಟನೆ ನಿಲ್ಲಿಸಿದಳು. "ಆವತ್ತಿನ ಗೌನಲ್ಲೂ... ಹೀಗೇ ಕತ್ತರಿಸಿದ್ಯಾ?"

ಸೂಜಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ಬಟ್ಟೆ ಬಿಡೋದು ನಾನೇ ಮರೆತೆ ಅಂದನಲ್ಲೇ ಆ ಪುಣ್ಯಾತ್ಮ, ಮೇಡಂ ಮುಂದೆ! ಇಸ್ತ್ರಿ ಬಟ್ಟೆ ಇಡೋಕೆ ಹೋದಾಗ ನನ್ನ ಕಿವಿಯಾರೆ ಕೇಳಿದೆ."

ಗೌನು ಕೆಡಿಸಿದ್ದು ಅವನಲ್ಲ, ತಾನು. ಅವನು ಉಳಿಸಿದವನು. ಅವನನ್ನು ಕಟುಕ ಎಂದಿದ್ದಳು... ಅವನು ಊಟ ಮಾಡಿದ್ರಾ ಎಂದು ಕೇಳಿದ್ದ.

ಕೈಯಲ್ಲಿದ್ದ ಕೆಲಸ ಬಿಟ್ಟು ನೇರ ಮೇಡಂ ಕೋಣೆಗೆ ಹೋದಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಮೇಡಂ ಕನ್ನಡಕ ತೆಗೆದರು. "ಹೇಳಿದ್ರೆ ಆ ಕುರ್ಚಿ ಹೋಗುತ್ತೆ ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು ಮೇಡಂ."

"ಒಂದು ವರ್ಷ ಗುಂಡಿ ಹೊಲಿ. ಬೇರೆ ಏನೂ ಮುಟ್ಟಬೇಡ." ಸ್ವಲ್ಪ ತಡೆದು ಹೇಳಿದರು: "ಅವನನ್ನ ನೀನೇ ಹೋಗಿ ಕರ್ಕೊಂಡು ಬಾ. ನಾನು ಕರೆದ್ರೆ ಬರೋ ಆಸಾಮಿ ಅಲ್ಲ."

ಯೂನಿಫಾರ್ಮ್ ಘಟಕದಲ್ಲಿ ಎಲ್ಲಿ ನೋಡಿದರೂ ನೀಲಿ ಬಟ್ಟೆ. ಮಾಸ್ಟರು ಅರವತ್ತು ಪದರ ಒಟ್ಟಿ, ಮೆಷಿನ್ನಿನಲ್ಲಿ ಒಂದೇ ಏಟಿಗೆ ಕತ್ತರಿಸುತ್ತಿದ್ದ. ಅವಳನ್ನು ಕಂಡು ಮೆಷಿನ್ ನಿಲ್ಲಿಸಿದ.

"ಯಾಕೆ ಸುಳ್ಳು ಹೇಳಿದ್ರಿ?" ಎಂದಳು, ನಮಸ್ಕಾರವೂ ಇಲ್ಲದೆ.

"ಆವತ್ತಿಗೆ ನೀವು ಬಂದು ನಲವತ್ತು ದಿನ, ನಾನು ಒಂಬತ್ತು ವರ್ಷ. ಬೈಸ್ಕೊಂಡು ನನಗೆ ಅಭ್ಯಾಸ."

"ಅಷ್ಟೇನಾ?"

ಅವನು ಬಟ್ಟೆಯ ಮೇಲಿನ ನೂಲನ್ನು ಒಂದೊಂದಾಗಿ ಆರಿಸತೊಡಗಿದ.

"ಲಂಗಗಳು ಅಳತೆ ನೋಡೋಕೆ ಮೇಲೆ ಬಂದಾಗ, ನೀವು ಮಡಚಿದ ಅಂಚುಗಳನ್ನ ದಿನಾ ತಿರುಗಿಸಿ ನೋಡ್ತಿದ್ದೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಷ್ಟು ಪ್ರೀತಿಯಿಂದ ಹೊಲಿಯೋರು ಹೇಗಿರ್ತಾರೋ ಅಂತ... ಕೆಳಗೆ ಇಳಿದು ಬರೋಕೆ ಒಂದು ಕಾರಣ ಹುಡುಕ್ತಿದ್ದೆ. ಸಿಕ್ಕಿದ ದಿನ ನೋಡಿದ್ರೆ ಕೈಯಲ್ಲಿ ಕತ್ತರಿ."

ಸೂಜಿಗೆ ನಗು ಬಂತು, ಅದರ ಹಿಂದೆಯೇ ಅಳು.

"ನಾನು ಕಟುಕ ಅಂದೆ ನಿಮ್ಮನ್ನ."

"ಚೆನ್ನಾಗೇ ಅಂದ್ರಿ."

"ವಾಪಸ್ ಬನ್ನಿ."

"ಮೇಡಂ ಕಳಿಸಿದ್ರಾ?"

"ಮಾಸ್ಟ್ರನ್ನ ಕರ್ಕೊಂಡು ಬಾ ಅಂತ ಅವರು ಕಳಿಸಿದ್ದು ನಿಜ. ಆದ್ರೆ ನಾನು ಬಂದಿದ್ದು..."

"ಬಂದಿದ್ದು?"

"ಪೂರ್ತಿ ಹೇಳಿಸಲೇಬೇಕಾ?"

"ಹ್ಞೂಂ. ಈ ಮೆಷಿನ್ ಸದ್ದಿಗೆ ಕಿವಿ ಸ್ವಲ್ಪ ಮಂದ."

"ನೀವಿಲ್ದೆ ನನಗೆ ಯಾವುದ್ರಲ್ಲೂ ಮನಸ್ಸಿಲ್ಲ. ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು, ಮೆಲ್ಲಗೆ. "ಇದೊಂದು ರಾಶಿ ಮುಗಿಸಿಬಿಡ್ತೀನಿ. ಮಕ್ಕಳ ಬಟ್ಟೆ, ಅರ್ಧಕ್ಕೆ ಬಿಡಬಾರದು. ಕೂತಿರ್ತೀಯಾ?"

"ಕೂತಿರ್ತೀನಿ. ನಿಧಾನಕ್ಕೆ ಮುಗಿಸಿ."

ಫ್ಯಾಷನ್ ವೀಕಿನ ಚರಿತ್ರೆ ಎಂದು ದಪ್ಪ ಪುಸ್ತಕ ಬಂದಿದೆಯಲ್ಲ, ಅದರಲ್ಲಿ ಆ ಗೌನಿನ ಬೆನ್ನಿಗೆ ಒಂದು ಇಡೀ ಪುಟ ಕೊಟ್ಟಿದ್ದಾರೆ. ಇವರಿಬ್ಬರ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿ ಸುಮ್ಮನೆ ಅಳಿಸಿಹಾಕಬೇಡಿ. ನಿಮ್ಮ ಬೀದಿಯಲ್ಲಿ ಹೊಲಿಯುವವರು ಯಾರಾದರೂ ಇದ್ದರೆ ಅವರಿಗೆ ಕೇಳಿಸಿ. ಅವರ ಎರಡು ಕೈಗೂ ಬಿಡುವಿರುವುದಿಲ್ಲ. ಫೋನನ್ನು ನೀವೇ ಹಿಡಿದುಕೊಂಡು ನಿಲ್ಲಿ.