ಹೊತ್ತು ತಂದವನ ಹೆಸರು

“ನನ್ನ ಹೆಸರನ್ನ ಯಾಕೆ ಹೊಡೆದುಹಾಕ್ತಿದ್ದೀರಿ?”

ಪುಸ್ತಕದ ಕಟ್ಟುಗಳ ಮುಂದೆ ಪೆನ್ನು ಹಿಡಿದು ಕುಳಿತಿದ್ದ ವಿಲಾವನ್ ತಲೆ ಎತ್ತಲಿಲ್ಲ. ನಾಲ್ಕು ವರ್ಷದಿಂದ ಪ್ರತಿ ಗುರುವಾರ ಮನೆಬಾಗಿಲಲ್ಲಿ ಕೇಳುತ್ತಿದ್ದ ದನಿ ಅದು. ಪ್ರದಿತ್!

ಅವಳ ತಾತ ತೀರಿಕೊಂಡು ಒಂದೂವರೆ ತಿಂಗಳಾಗಿತ್ತು; ಆ ಕಡೆಯ ವಾಡಿಕೆಯಂತೆ ಅಂದು ದಹನ. ಪೆಚ್ಚಬುರಿ ಊರಿನ ಬೌದ್ಧ ವಿಹಾರದಲ್ಲಿ ನಲವತ್ತು ವರ್ಷ ಪಾಳಿ ಭಾಷೆ ಕಲಿಸಿದ ಮೇಷ್ಟ್ರು ಅವರು. ದಹನಕ್ಕೆ ಬಂದವರ ಕೈಗೆ ಸತ್ತವರ ನೆನಪಿಗೊಂದು ಪುಸ್ತಕ ಕೊಡುವುದು ರೂಢಿಯಲ್ಲ, ವಿಹಾರದ ದೊಡ್ಡ ಗುರುಗಳು ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದರು: ‘ಪಾಳಿ ವ್ಯಾಕರಣದ ಪದಗಳು ಹುಟ್ಟಿದ ಬಗೆ’. ಅದರ ಒಂದೊಂದು ಸಾಲೂ ವಿಲಾವನ್ ಬರೆದದ್ದು. ಮುಖಪುಟದಲ್ಲಿ ಮಾತ್ರ, ‘ಬರೆದವರು: ಮಹಾ ಪ್ರದಿತ್’.

ಹೆಣ್ಣಿನ ಕೈಯಿಂದ ಭಿಕ್ಷುಗಳು ಏನನ್ನೂ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅವಳ ನೋಟ್‌ಬುಕ್ಕುಗಳೆಲ್ಲ ಗುರುಗಳಿಗೆ ಪ್ರದಿತ್ ಕೈಯಲ್ಲೇ ಹೋಗಿದ್ದವು. ಅವನೂ ಒಂದು ಕಾಲಕ್ಕೆ ಭಿಕ್ಷು. ಪಾಳಿ ಪರೀಕ್ಷೆ ಗೆದ್ದವನೆಂದು ಚೀವರ ಬಿಟ್ಟ ಮೇಲೂ ಜನ ‘ಮಹಾ’ ಎಂದೇ ಕರೆಯುತ್ತಿದ್ದರು.

‘ಇವನನ್ನು ನಂಬಿದೆನಲ್ಲ... ಗುರುವಾರ ಬಂತೆಂದರೆ ತಲೆಗೆ ಹೂ ಮುಡಿಯುತ್ತಿದ್ದೆನಲ್ಲ!’

“ಕಳ್ಳತನಕ್ಕೆ ಪಾಳಿಯಲ್ಲಿ ಏನಂತಾರೆ ಮಹಾನುಭಾವರೇ?” ಎಂದಳು.

ಅವನು ಮುಖಪುಟ ನೋಡಿದ. ಮುಖ ಬಿಳಿಚಿಕೊಂಡಿತು.

“ಎರಡು ತಿಂಗಳಿಂದ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ. ಈಗ ಬಸ್ಸಿಳಿದು ಬರ್ತಿದ್ದೀನಿ. ಇದನ್ನ ಈಗಲೇ ನೋಡ್ತಿರೋದು.”

“ನಾಲ್ಕು ವರ್ಷ ಹೊತ್ಕೊಂಡು ಹೋದ್ರಲ್ಲ, ಯಾರದು ಅಂತ ಬಾಯಿ ಬಿಡೋಕೆ ಏನಾಗಿತ್ತು?”

“ನಿಮ್ಮ ತಾತ ತಡೆದ್ರು. ಪೂರ್ತಿ ಮುಗೀಲಿ, ಮೊಮ್ಮಗಳ ಹೆಸರು ಗುರುಗಳಿಗೆ ನಾನೇ ಹೇಳ್ತೀನಿ ಅಂದ್ರು... ಅಷ್ಟರಲ್ಲಿ ಹೋಗ್ಬಿಟ್ರು.”

“ನಂಬಬೇಕಾ?”

“ಬೇಡ.”

ಅಷ್ಟೇ ಹೇಳಿ ಅವನು ಅವಳ ಎದುರೇ ಚಾಪೆಯ ಮೇಲೆ ಕುಳಿತ. ಜೇಬಿನಿಂದ ಪೆನ್ನು ತೆಗೆದ. ಇನ್ನೊಂದು ಕಟ್ಟು ಬಿಚ್ಚಿ ತನ್ನ ಹೆಸರಿನ ಮೇಲೆ ಗೆರೆ ಎಳೆದು, ಕೆಳಗೆ ‘ವಿಲಾವನ್’ ಎಂದು ಬರೆಯತೊಡಗಿದ. ಒಂದು, ಎರಡು, ಹತ್ತು... ಕಪ್ಪು ಬಟ್ಟೆಯ ನೆಂಟರೆಲ್ಲ ಸುತ್ತ ನಿಂತು ಪಿಸುಗುಟ್ಟಿದರು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಗದ್ದಲ ಕೇಳಿ ದೊಡ್ಡ ಗುರುಗಳೇ ಬಂದರು.

“ಸಾವಿನ ಮನೆಯಲ್ಲಿ ಏನಿದು ಮಹಾ?”

“ಪುಸ್ತಕ ಇವರದು ಗುರುಗಳೇ. ನಾನು ಹೊತ್ತು ತಂದವನು ಮಾತ್ರ.”

“ನಿನ್ನ ಕೈಯಿಂದ ಬಂತು, ನಿನ್ನದೇ ಅಂದ್ಕೊಂಡೆ.” ಗುರುಗಳು ಅವಳತ್ತ ತಿರುಗಿದರು. “ಈ ಹುಡುಗಿ ಬರೆದದ್ದಾ? ಹಾಗಾದ್ರೆ ಹೇಳಮ್ಮ, ನಾಮಪದಕ್ಕೆ ನಾಮ ಅಂತ ಯಾಕಂದ್ರು?”

ಅವಳು ಕೈಮುಗಿದಳು. ಕಣ್ಣು ಮಾತ್ರ ಕೆಳಗಿಳಿಯಲಿಲ್ಲ.

“ನಮಿಸೋದು ಅನ್ನೋ ಮಾತಿಂದ ಬಂತು ಅಂತಾರೆ ಹಿಂದಿನೋರು. ಹೆಸರು ಅನ್ನೋದು ಅರ್ಥದ ಕಡೆ ಬಾಗುತ್ತಂತೆ. ಆದ್ರೆ ನಾನು ಇವತ್ತು ಬಾಗಲ್ಲ ಗುರುಗಳೇ. ತಾತನ ಮುಂದೆ ಈ ಸುಳ್ಳು ಹಂಚೋಕೆ ಬಿಡಲ್ಲ.”



ಗುರುಗಳು ಅಲ್ಲೇ ಕುಳಿತರು. ಹೆಂಗಸರು ಕೊಟ್ಟದ್ದನ್ನು ಭಿಕ್ಷುಗಳು ಇಸಿದುಕೊಳ್ಳುವ ಅಂಗೈಯಗಲದ ಹಳದಿ ಬಟ್ಟೆಯನ್ನು ಹೆಗಲ ಚೀಲದಿಂದ ತೆಗೆದು, ಅದರ ಒಂದು ತುದಿ ಹಿಡಿದು ಅವಳ ಮುಂದೆ ಹಾಸಿದರು.

“ತಪ್ಪು ನನ್ನದು. ಇನ್ನೂ ಬರೆದದ್ದಿದ್ರೆ ನೀನೇ ಇಡು. ನಡುವೆ ಯಾರೂ ಬೇಡ.”

ತಾತ ತೀರಿಕೊಂಡ ವಾರ ಮುಗಿಸಿದ ಕೊನೆಯ ನೋಟ್‌ಬುಕ್ ಅವಳ ಚೀಲದಲ್ಲೇ ಇತ್ತು. ಅದನ್ನು ಬಟ್ಟೆಯ ಮೇಲಿಟ್ಟಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆದು ಬಂತು.

ಸಂಜೆ, ತಾತನ ಚಿತೆಗೆ ಹೂವಿಟ್ಟು ಬಂದವಳು ಪ್ರದಿತ್ ಪಕ್ಕ ನಿಂತಳು. ಅವನ ಬೆರಳೆಲ್ಲ ಶಾಯಿ.

“ಕಳ್ಳ ಅಂದದ್ದು ತಪ್ಪಾಯ್ತು...”

“ಬಿಡಿ.”

“ಇನ್ಮೇಲೆ ನೋಟ್‌ಬುಕ್ ಹೊರೋ ಕೆಲಸ ನಿಮಗಿಲ್ಲ.”

“ನಾನು ಗುರುವಾರ ಗುರುವಾರ ಬರ್ತಿದ್ದದ್ದು ನೋಟ್‌ಬುಕ್ಕಿಗೆ ಅಂದ್ಕೊಂಡ್ರಾ?”



“ಹಾಗಾದ್ರೆ ಈ ಗುರುವಾರ ಬನ್ನಿ,” ಎಂದಳು. “ಖಾಲಿ ಕೈಯಲ್ಲಿ ಹೋಗಬೇಕಾಗುತ್ತೆ, ನೋಡಿ.”

“ಖಾಲಿ ಕೈಯಲ್ಲಿ ಯಾಕೆ ಹೋಗ್ಲಿ?” ಎಂದು ಅವನು ಶಾಯಿಯ ಕೈ ಚಾಚಿದ.

ಅವಳು ಹಿಡಿದುಕೊಂಡಳು.